ಸ್ಲೈಡರ್ ಆಮೆಗೆ ಬಾಲ್ಕನಿಯಲ್ಲಿ ಜಾಗ ಮಾಡಿದ್ದು

ಮುಂಬೈಯ ಅಕ್ವೇರಿಯಂ ಅಂಗಡಿಗಳಲ್ಲಿ ಅಂಗೈಯಲ್ಲಿ ಅಡಗುವ ಹಸಿರು ಆಮೆಮರಿ ಇಟ್ಟಿರುತ್ತಾರೆ, ಕಣ್ಣಿನ ಹಿಂದೆ ಕೆಂಪು ಪಟ್ಟಿ ಇರೋದು. ಅದೇ ರೆಡ್ ಇಯರ್ಡ್ ಸ್ಲೈಡರ್. "ಇಷ್ಟೇ ಇರುತ್ತೆ, ದೊಡ್ಡದಾಗಲ್ಲ" ಅಂದರೆ ನಂಬಬೇಡಿ. ಹೆಣ್ಣಿನ ಚಿಪ್ಪು 25 ಸೆಂ.ಮೀ. ಮುಟ್ಟುತ್ತದೆ, ಚೆನ್ನಾಗಿ ಸಾಕಿದರೆ 20 ವರ್ಷಕ್ಕೂ ಜಾಸ್ತಿ ಬದುಕುತ್ತದೆ. ಮುಲುಂಡಿನ ನಮ್ಮ ಫ್ಲ್ಯಾಟಿಗೆ ಬಂದದ್ದೂ ಹೆಣ್ಣೇ. ಪಕ್ಕದ ಮನೆಯವರು ಊರಿಗೆ ಹೋಗುವಾಗ ಕೊಟ್ಟು ಹೋದರು. ಗಂಡಾಗಿದ್ದರೆ ಮುಂಗಾಲಿನ ಉಗುರು ಉದ್ದ ಇರುತ್ತಿತ್ತು.

ಇದರ ಕುಲ ಟ್ರಾಕೆಮಿಸ್. ಅಮೆರಿಕದ ಟೆನೆಸ್ಸಿಯಲ್ಲಿ ಸುಮಾರು 50 ಲಕ್ಷ ವರ್ಷ ಹಿಂದಿನ ಒಂದು ಹೊಂಡದ ಜಾಗದಲ್ಲಿ ಇದೇ ಕುಲದ, ಈಗ ಅಳಿದುಹೋದ ಜಾತಿಯ ಪಳೆಯುಳಿಕೆ ಸಿಕ್ಕಿದೆ, 2018ರಲ್ಲಿ ಅದಕ್ಕೆ ಟ್ರಾಕೆಮಿಸ್ ಹಾಗ್ರುಡಿ ಅಂತ ಹೆಸರಿಟ್ಟರು. ಅಷ್ಟು ಹಳೇ ಹೊಂಡದ ವಂಶವನ್ನು ಗಾಜಿನ ಬಟ್ಟಲಲ್ಲಿ ಇಡೋದು ಏನು ನ್ಯಾಯ, ಅಲ್ವಾ?

ಹಾಗಾಗಿ ಬಟ್ಟಲು ಬಿಟ್ಟು ದೊಡ್ಡ ಪ್ಲಾಸ್ಟಿಕ್ ಟಬ್ ತಂದೆ. ಈಜಲು ಆಳವಾದ ನೀರು, ಒಂದು ಮೂಲೆಯಲ್ಲಿ ಹತ್ತಿ ಕೂರಲು ಇಟ್ಟಿಗೆ ಮೇಲೆ ಕಡಪಾ ಕಲ್ಲಿನ ತುಂಡು. ಕಲ್ಲು ಪೂರ್ತಿ ಒಣಗಿರಬೇಕು. ಬೆಳಿಗ್ಗೆ ಬಾಲ್ಕನಿಯ ಬಿಸಿಲು ನೇರ ಬೀಳಬೇಕು, ಯಾಕೆಂದರೆ ಕಿಟಕಿ ಗಾಜು ಬಿಸಿಲಿನಲ್ಲಿರುವ ಯುವಿಬಿ ಅನ್ನೋ ನೇರಳಾತೀತ ಕಿರಣವನ್ನು ತಡೆಯುತ್ತದೆ, ಅದಿಲ್ಲದಿದ್ದರೆ ತಿಂದ ಕ್ಯಾಲ್ಸಿಯಂ ಮೈಗೆ ಹತ್ತದೆ ಚಿಪ್ಪು ಮೆತ್ತಗಾಗುತ್ತದೆ. ಅರ್ಧ ಟಬ್ಬಿಗೆ ನೆರಳೂ ಬೇಕು. ಜೂನ್‌ನಿಂದ ಮುಂಬೈಯಲ್ಲಿ ಬಿಸಿಲೆಲ್ಲಿ? ಆಗ ಯುವಿಬಿ ಬಲ್ಬೇ ಗತಿ. ಬಲ್ಬ್ ಉರಿಯುತ್ತಲೇ ಇರುತ್ತದೆ, ಆದರೆ ಒಳಗಿನ ಯುವಿಬಿ ಕಡಿಮೆಯಾಗಿರುತ್ತದೆ. ವರ್ಷಕ್ಕೊಮ್ಮೆಯಾದರೂ ಬದಲಿಸಿ.

ಬಿಸಿಲು ಸರಿಯಾದ ಮೇಲೆ ಬೆನ್ನಿನ ಹಳೇ ಪದರಗಳು ಒಂದೊಂದೇ ಬಿಟ್ಟುಕೊಂಡವು. ಈರುಳ್ಳಿ ಸಿಪ್ಪೆಯಷ್ಟು ತೆಳು, ಬೆಳಕಿಗೆ ಹಿಡಿದರೆ ಗೆರೆಗೆರೆ ಕಾಣುತ್ತವೆ. ಕಿತ್ತು ತೆಗೆಯಬೇಡಿ, ತಾನಾಗೇ ಉದುರಲಿ.

ಊಟದ ವಿಷಯ: ಮರಿಗೆ ಮಾಂಸ ಜಾಸ್ತಿ ಬೇಕು, ದೊಡ್ಡದಾದಂತೆ ಸೊಪ್ಪು. ಪಾಲಕ್ ದಿನಾ ಹಾಕಬೇಡಿ, ಅದರಲ್ಲಿರುವ ಆಕ್ಸಲೇಟ್ ಅನ್ನೋ ಅಂಶ ಕ್ಯಾಲ್ಸಿಯಂ ಅನ್ನು ಮೈಗೆ ಹತ್ತಲು ಬಿಡದೆ ಹಿಡಿದಿಟ್ಟುಕೊಳ್ಳುತ್ತದೆ. ಕ್ಯಾಲ್ಸಿಯಂಗೆ ಅಂತ ನೀರಲ್ಲಿ ಒಂದು ಕಟಲ್ ಬೋನ್ (ಕಟಲ್ ಫಿಶ್ ಅನ್ನೋ ಸಮುದ್ರಜೀವಿಯ ಒಳಚಿಪ್ಪು) ತೇಲಿಬಿಟ್ಟಿದ್ದೇನೆ, ಬೇಕಾದಾಗ ಕಚ್ಚುತ್ತದೆ. ಮುಟ್ಟಿದ ಮೇಲೆ ಸೋಪಿನಲ್ಲಿ ಕೈ ತೊಳೆಯಲೇಬೇಕು. ಆಮೆಯಿಂದ ಹರಡಿ ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾದ ಭಯಕ್ಕೇ ಅಮೆರಿಕದಲ್ಲಿ 1975ರಲ್ಲಿ 4 ಇಂಚಿಗಿಂತ ಚಿಕ್ಕ ಆಮೆಗಳ ಮಾರಾಟ ನಿಲ್ಲಿಸಿದರು.

"ಬಾಣಗಂಗೆ ಕೆರೆಗೆ ಬಿಟ್ಟು ಬಾರೋ, ಪುಣ್ಯ ಬರುತ್ತೆ" ಅಂತ ಅಮ್ಮ ಈಗಲೂ ಹೇಳುತ್ತಾರೆ. ಇದು ಮಿಸಿಸಿಪ್ಪಿ ಕಡೆಯ ಪ್ರಾಣಿ ಅಮ್ಮಾ, ಇಲ್ಲಿನ ಆಮೆಗಳ ಊಟಕ್ಕೂ ಬಿಸಿಲು ಕಾಯುವ ಜಾಗಕ್ಕೂ ಪೈಪೋಟಿಗೆ ನಿಲ್ಲುತ್ತೆ ಅಂದೆ. ಜಗತ್ತಿನ 100 ಕೆಟ್ಟ ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲೇ ಇದರ ಹೆಸರಿದೆ. ಸಾಕಲು ಆಗದಿದ್ದರೆ ಗೊತ್ತಿರುವವರ ಕೈಗೆ ಕೊಡಿ, ಕೆರೆಗೆ ಮಾತ್ರ ಬೇಡ.