ಮನ್ಯಾಗ ಕುಂತು ಸೆರ್ನ್ ಡೇಟಾ ನೋಡಿದ ಬ್ಯಾಸಿಗಿ

ಪಾರ್ಟಿಕಲ್ ಫಿಸಿಕ್ಸ್ ಪ್ರಾಜೆಕ್ಟ್ ಅಂದ್ರ ಜಿನೀವಾಕ್ಕ ಹೋಗಬೇಕು, ಇಲ್ಲಾ ಬೆಂಗಳೂರಾಗರ ಇರಬೇಕು ಅಂತ ನಮ್ಮ ಕಡೆ ಹುಡುಗ್ರು ತಿಳ್ಕೊಂಡಾರ. ನಾ ಬಿಎಸ್ಸಿ ರಜಾದಾಗ ವಿಜಯಪುರದ ಮನ್ಯಾಗ ಕುಂತು ಮಾಡಿದ್ನಿ, ಗೈಡ್ ಸರ್ ವಾರಕ್ಕೊಮ್ಮೆ ಫೋನ್‌ನ್ಯಾಗ ಸಿಗತಿದ್ರು ಅಷ್ಟ. ಸೆರ್ನ್ ಅಂದ್ರ ಜಿನೀವಾದ ಹತ್ರ ಇರೋ ಕಣ ಸಂಶೋಧನಾ ಕೇಂದ್ರ, ಅಲ್ಲಿನವ್ರು 2014ರಿಂದ ತಮ್ಮ ಓಪನ್ ಡೇಟಾ ಪುಕ್ಕಟೆ ಕೊಡಾಕತ್ತಾರ, ನಾ ತಗೊಂಡಿದ್ದು ಅಲ್ಲಿನ ಸಿಎಂಎಸ್ ಡಿಟೆಕ್ಟರಿನ (ಕಣ ಅಳಿಯೋ ಯಂತ್ರ) 2012ರ ಮ್ಯೂಆನ್ ಫೈಲು (ಮ್ಯೂಆನ್ ಅಂದ್ರ ಎಲೆಕ್ಟ್ರಾನಿನಂಥಾ, ಆದ್ರ ಭಾರದ ಕಣ), 6 ಕೋಟಿ ಮ್ಯಾಲೆ ಇವೆಂಟು (ಕಣಗಳ ಡಿಕ್ಕಿಯ ದಾಖಲೆ), ಸೈಜು 2 ಜಿಬಿ ಚಿಲ್ಲರ. ಮಧ್ಯಾಹ್ನದ ಬಿಸಲಿಗೆ ಲ್ಯಾಪ್‌ಟಾಪ್ ಮುಟ್ಟಾಕಾಗಂಗಿಲ್ಲ, ಅದಕ್ಕ ದೊಡ್ಡ ರನ್ ಎಲ್ಲಾ ನಸಕಿನ್ಯಾಗ.

ಇಡೀ ಫೈಲ್ ಒಮ್ಮೆಲೆ ಮೆಮೊರಿಗೆ ಎಳಿಬ್ಯಾಡ್ರಿ. ಪೈಥಾನಿನ ಅಪ್‌ರೂಟ್ ಲೈಬ್ರರಿ ಹಾಕ್ಕೊಂಡು ತುಂಡು ತುಂಡಾಗಿ ಓದಿ, ಪಿಟಿ (ಅಡ್ಡ ದಿಕ್ಕಿನ ಮೊಮೆಂಟಮ್), ಈಟಾ, ಫೈ (ಕಣ ಹೊಂಟ ದಿಕ್ಕು ಹೇಳೋ ಎರಡು ಅಳತಿ), ಚಾರ್ಜ್ ಇಂಥಾ ಬೇಕಾದ ಕಾಲಂ ಅಷ್ಟ ತಗೊಂಡು, ಪ್ರತಿ ತುಂಡಿನ ಹಿಸ್ಟೋಗ್ರಾಂ ಹಿಂದಿಂದಕ್ಕ ಕೂಡಿಸ್ಕೋತ ಹೋದ್ರ ಸಣ್ಣ ಲ್ಯಾಪ್‌ಟಾಪಿಗೂ ತಡೀತೈತಿ. ಒಂದೊಂದು ಇವೆಂಟಿಗೆ ಲೂಪ್ ತಿರುಗಿಸೋದು ಬಿಟ್ಟು ಅರೇ ಮ್ಯಾಲೆ ಲೆಕ್ಕಾ ಮಾಡ್ರಿ. ಸೆಲೆಕ್ಷನ್ ಭಾಳ ಸರಳ: ಇವೆಂಟಿನ್ಯಾಗ ಎರಡೇ ಮ್ಯೂಆನ್, ಒಂದು ಪ್ಲಸ್, ಒಂದು ಮೈನಸ್. ಆಮ್ಯಾಲೆ ಜೋಡಿಯ ಇನ್ವೇರಿಯಂಟ್ ಮಾಸ್ (ಒಂದ ಕಣದಿಂದ ಜೋಡಿ ಹುಟ್ಟಿದ್ರ ಆ ಕಣದ ತೂಕ) ತಗದು ಎರಡೂ ಆಕ್ಸಿಸ್ ಲಾಗ್ ಇಟ್ಟು ಪ್ಲಾಟ್ ಮಾಡಿದ್ರ 3.1 ಜಿಇವಿ (ಕಣದ ತೂಕದ ಅಳತಿ, 1 ಜಿಇವಿ ಅಂದ್ರ 1000 ಎಂಇವಿ) ಹತ್ರ ಜೆ-ಸೈ, 9.5ರ ಹತ್ರ ಅಪ್ಸಿಲಾನ್, 91ಕ್ಕ ಝಡ್ ಬೋಸಾನ್ ಅನ್ನೋ ಕಣಗಳ ಪೀಕ್ ಎದ್ದು ನಿಲ್ತಾವ. 1974ರಾಗ ಜೆ-ಸೈ ಹುಡುಕಿದ ರಿಕ್ಟರ್, ಟಿಂಗ್ ಇಬ್ಬರಿಗೂ 1976ರಾಗ ನೊಬೆಲ್ ಬಂತು, ನನಗ ಅಡಗಿಮನಿ ಬಾಜೂ ಖೋಲ್ಯಾಗ ಕಂಡ್ತು.

ಸರ್ ಪ್ಲಾಟ್ ನೋಡಿ ಶಾಭಾಶ್ ಅನ್ಲಿಲ್ಲ. "ತಮ್ಮಾ, ಜೆ-ಸೈ ಪೀಕ್ ಯಾಕ ಇಷ್ಟು ಅಗಲ ಐತಿ?" ಅಂದ್ರು. ಖರೇ ಪ್ರಾಜೆಕ್ಟ್ ಶುರು ಆಗಿದ್ದ ಇಲ್ಲಿಂದ. ಆ ಕಣದ ಸ್ವಂತ ಅಗಲ 0.1 ಎಂಇವಿಗಿಂತ ಕಡಿಮಿ, ಪ್ಲಾಟಿನ್ಯಾಗ ನೋಡಿದ್ರ ಹತ್ತಾರು ಎಂಇವಿ! ಹೆಚ್ಚಿಗಿದ್ದದ್ದೆಲ್ಲಾ ಡಿಟೆಕ್ಟರಿಂದು, ಮ್ಯೂಆನಿನ ಮೊಮೆಂಟಮ್ ಅಳಿಯೋದ್ರಾಗ ಆಗೋ ಹೆಚ್ಚುಕಡಿಮಿ. ಝಡ್ ಹಂಗಲ್ಲ, ಹುಟ್ಟಿದ ಕೂಡ್ಲೇ ಸಾಯತೈತಿ, ಆಯುಷ್ಯ ಕಡಿಮಿ ಇದ್ದಷ್ಟು ಅಗಲ ಹೆಚ್ಚು, ಅದಕ್ಕ ಅದರ ಸ್ವಂತ ಅಗಲನ ಸುಮಾರು 2.5 ಜಿಇವಿ. ಹಿಂಗಾಗಿ ಝಡ್ ಫಿಟ್ಟಿಗೆ ಬ್ರೈಟ್-ವಿಗ್ನರ್ (ಕಣದ ಸ್ವಂತ ಅಗಲದ ಗೆರಿ) ಜೋಡಿ ಗಾಸಿಯನ್ (ಡಿಟೆಕ್ಟರಿನ ಹೆಚ್ಚುಕಡಿಮಿಯ ಗೆರಿ) ಬೆರಸಬೇಕಾತು.

ಇದನ್ನ ಖಾತ್ರಿ ಮಾಡ್ಕೋಳಾಕ ಈಟಾ ಪ್ರಕಾರ ಇವೆಂಟ್ ಬ್ಯಾರೆ ಬ್ಯಾರೆ ಮಾಡಿದ್ನಿ. ಡಿಟೆಕ್ಟರಿನ ನಡುವಿನ ಮ್ಯೂಆನ್ ಜೋಡಿಗೆ ಜೆ-ಸೈ ಪೀಕ್ ಚೂಪು, ಎರಡೂ ತುದಿ ಕಡೆದಕ್ಕ ದಪ್ಪ. ಮಷೀನ್ ಲರ್ನಿಂಗ್ ಹಾಕು ಅಂತ ಗೆಳ್ಯಾರು ಗಂಟು ಬಿದ್ದಿದ್ರು, ಹಾಕಲಿಲ್ಲ, ರಿಪೋರ್ಟಿನ್ಯಾಗ ಈ ಎರಡು ಪೀಕ್ ಬಾಜೂ ಬಾಜೂ ಇಟ್ಟು ಕಳಿಸಿದ್ನಿ.