ದಂತ ಸಮ್ಮೇಳನಕ್ಕೆ ಹೊರಡುವ ಮುನ್ನ ಕ್ಲಿನಿಕ್ಕಿನ ರಿಜಿಸ್ಟರ್ ತೆಗೆಯಿರಿ

ಸಮ್ಮೇಳನದ ಬ್ರೋಷರ್ ಬಂದ ಕೂಡಲೇ ನಾನು ಮೊದಲು ತೆಗೆಯುವುದು ನಮ್ಮ ಕ್ಲಿನಿಕ್ಕಿನ ರಿಜಿಸ್ಟರ್. ದುಡ್ಡು ತೆಗೆದುಕೊಳ್ಳದೆ ಮತ್ತೆ ಮಾಡಿಕೊಟ್ಟ ಕೆಲಸಗಳೆಲ್ಲ ಅದರಲ್ಲಿರುತ್ತವೆ: ಕಳಚಿ ಬಂದ ಕ್ರೌನ್, ಜುಮ್ಮೆನ್ನುವ ಫಿಲ್ಲಿಂಗ್, ರೂಟ್ ಕೆನಾಲ್ ಆದ ಮೇಲೂ ನೋಯುವ ದವಡೆ ಹಲ್ಲು. ಪದೇ ಪದೇ ಕಾಣುವ ತೊಂದರೆ ಯಾವುದೋ, ಆ ಸಲದ ಸಮ್ಮೇಳನ ಅದಕ್ಕೆ ಮೀಸಲು. ಎಲ್ಲವನ್ನೂ ಕೇಳಿ ಬರುತ್ತೇನೆಂದು ಹೋದರೆ ಸೋಮವಾರ ಬೆಳಿಗ್ಗೆ ಕ್ಲಿನಿಕ್ಕಿನಲ್ಲಿ ಏನೂ ಬದಲಾಗಿರುವುದಿಲ್ಲ.

ವಿಷಯ ಗೊತ್ತಾದ ಮೇಲೆ ಸಮ್ಮೇಳನ ಆರಿಸುವುದು ಸುಲಭ. ಭಾರತೀಯ ದಂತ ವೈದ್ಯರ ಸಂಘದ ರಾಜ್ಯ ಸಮ್ಮೇಳನದಲ್ಲಿ ಎಲ್ಲ ವಿಭಾಗಗಳೂ ಸ್ವಲ್ಪ ಸ್ವಲ್ಪ ಸಿಗುತ್ತವೆ. ಒಂದೇ ವಿಷಯವನ್ನು ಆಳವಾಗಿ ಕಲಿಯಬೇಕಿದ್ದರೆ ಆ ವಿಭಾಗದ ಸಂಘದ ಸಮ್ಮೇಳನವೇ ಸರಿ. ಉಪಕರಣ ಹೋಲಿಸಿ ನೋಡಲು ಎಕ್ಸ್‌ಪೋಡೆಂಟ್‌ನಂಥ ಪ್ರದರ್ಶನಗಳಿವೆ.

ಒಂದು ಉದಾಹರಣೆ ಹಿಡಿದು ಹೇಳುತ್ತೇನೆ. ದವಡೆ ಹಲ್ಲುಗಳ ಸಂದಿಗೆ ಫಿಲ್ಲಿಂಗ್ ಮಾಡಿದ ಮೇಲೆ ಊಟ ಸಿಕ್ಕಿಕೊಳ್ಳುತ್ತದೆ ಎಂಬ ದೂರು ಬಹಳ ಕ್ಲಿನಿಕ್ಕುಗಳಲ್ಲಿದೆ. ತುಂಬುವಾಗ ಹಲ್ಲಿನ ಸುತ್ತ ಗೋಡೆಯಂತೆ ಕಟ್ಟುವ ಹಳೆಯ ಟಾಫಲ್‌ಮೈರ್ ಲೋಹದ ಪಟ್ಟಿ ಚಪ್ಪಟೆ. ಅಮಾಲ್ಗಮ್ (ಪಾದರಸ ಬೆರೆತ ಬೆಳ್ಳಿ ಬಣ್ಣದ ಫಿಲ್ಲಿಂಗ್) ಒತ್ತಿ ತುಂಬುವಾಗ ಅದು ಪಟ್ಟಿಯನ್ನು ಪಕ್ಕದ ಹಲ್ಲಿಗೆ ತಳ್ಳುತ್ತಿತ್ತು. ಈಗಿನ ಹಲ್ಲಿನ ಬಣ್ಣದ ಕಾಂಪೋಸಿಟ್ ಹಾಗೆ ತಳ್ಳುವುದಿಲ್ಲ, ಮೇಲಾಗಿ ಗಟ್ಟಿಯಾಗುವಾಗ ಕುಗ್ಗುತ್ತದೆ; ಹಾಗಾಗಿ ಪಕ್ಕದ ಹಲ್ಲಿಗೆ ತಾಗದೆ ಸಂದಿ ಉಳಿಯುತ್ತದೆ. ಇದಕ್ಕೆ ಬೇಕಾದದ್ದು ಉಬ್ಬಿನ ಸೆಕ್ಷನಲ್ ಮ್ಯಾಟ್ರಿಕ್ಸ್ (ಹಲ್ಲಿನ ಒಂದು ಬದಿಗಷ್ಟೇ ಇಡುವ ಪಟ್ಟಿ), ಬೆಣೆ ಮತ್ತು ಹಲ್ಲುಗಳನ್ನು ತುಸು ಸರಿಸುವ ರಿಂಗ್. ಬೆಣೆಯನ್ನು ಹಲ್ಲು ಕೊರೆಯುವ ಮುನ್ನವೇ ಹಾಕಿಟ್ಟರೆ ಹಲ್ಲುಗಳು ಮೊದಲೇ ತುಸು ಸರಿದಿರುತ್ತವೆ, ಒಸಡಿಗೂ ರಕ್ಷಣೆ. ಇದೆಲ್ಲ ಸ್ಲೈಡ್ ನೋಡಿ ಬರುವ ವಿದ್ಯೆಯಲ್ಲ, ಕೈಯಾರೆ ಮಾಡಿಯೇ ಕಲಿಯಬೇಕು. ಆದ್ದರಿಂದ ಮುಖ್ಯ ಸಭಾಂಗಣದ ಭಾಷಣಕ್ಕಿಂತ ಮುನ್ನಾದಿನದ ಕಾರ್ಯಾಗಾರಕ್ಕೆ ಹಣ ಕೊಡುವುದು ಲೇಸು. ಸೀಟು ಕಡಿಮೆ ಇರುತ್ತದೆ, ಬೇಗ ತುಂಬುತ್ತದೆ. ಹೆಸರು ಕೊಡುವ ಮುನ್ನ ಒಂದು ಮಾತು ಕೇಳಿ: ಒಬ್ಬರಿಗೆ ಒಂದು ಮಾದರಿ ದವಡೆಯೋ, ಇಲ್ಲ ಒಂದು ಮೇಜಿಗೆ ಒಂದೋ? ಎರಡನೆಯದಾದರೆ ಹೆಚ್ಚಿನವರು ನೋಡುತ್ತ ನಿಲ್ಲಬೇಕಾಗುತ್ತದೆ.

ಕಿತ್ತ ಹಲ್ಲು ತನ್ನಿ ಎಂದಿದ್ದರೆ ಶುಚಿ ಮಾಡಿ, ಒತ್ತಡದ ಉಗಿಯಿಂದ ಕ್ರಿಮಿ ಕೊಲ್ಲುವ ಆಟೋಕ್ಲೇವ್‌ನಲ್ಲಿ 121 ಡಿಗ್ರಿ ಸೆಲ್ಸಿಯಸ್‌ನಲ್ಲಿ 40 ನಿಮಿಷ ಇಟ್ಟು ಒಯ್ಯಿರಿ. ಅಮಾಲ್ಗಮ್ ತುಂಬಿದ ಹಲ್ಲನ್ನು ಮಾತ್ರ ಖಂಡಿತ ಹಾಗೆ ಮಾಡಬಾರದು, ಪಾದರಸದ ಆವಿ ಹೊರಬರುತ್ತದೆ. ಅಂಥದ್ದನ್ನು ಶೇ. 10ರ ಫಾರ್ಮಲಿನ್‌ನಲ್ಲಿ ಎರಡು ವಾರ ಇಡಬೇಕು.

ಇನ್ನು ಮಳಿಗೆಗಳು. ಹಣ ಹೋಗುವುದೂ ಉಳಿಯುವುದೂ ಇಲ್ಲಿಯೇ. ಲೂಪ್ಸ್ (ಹಲ್ಲನ್ನು ದೊಡ್ಡದಾಗಿ ತೋರಿಸುವ ಕನ್ನಡಕ) ಕೊಳ್ಳುವ ಯೋಚನೆಯಿದ್ದರೆ ಹೊರಡುವ ಮುನ್ನ ನಿಮ್ಮದೇ ಸ್ಟೂಲಿನಲ್ಲಿ ಬೆನ್ನು ನೆಟ್ಟಗಿಟ್ಟು ಕುಳಿತು, ಕಣ್ಣಿನಿಂದ ರೋಗಿಯ ಹಲ್ಲಿಗಿರುವ ದೂರವನ್ನು ಸಹಾಯಕಿಯಿಂದ ಅಳೆಸಿ ಬರೆದಿಟ್ಟುಕೊಳ್ಳಿ. ಮಳಿಗೆಯಲ್ಲಿ ನಿಂತುಕೊಂಡೇ ಹಾಕಿ ನೋಡಿದಾಗ ಯಾವುದೂ ಚೆನ್ನಾಗಿಯೇ ಕಾಣುತ್ತದೆ. ದೂರ ಹೊಂದದ ಲೂಪ್ಸ್ ಕ್ಲಿನಿಕ್ಕಿನಲ್ಲಿ ಕತ್ತು ಬಗ್ಗಿಸುತ್ತದೆ, ಯಾವ ನೋವು ತಪ್ಪಿಸಲು ಕೊಂಡೆವೋ ಅದೇ ಬರುತ್ತದೆ.

ಆಟೋಕ್ಲೇವ್ ವಿಚಾರದಲ್ಲಿ ‘ಬಿ ಕ್ಲಾಸ್’ (ಪೊಳ್ಳು ಉಪಕರಣಗಳ ಒಳಗೂ ಶುದ್ಧಗೊಳಿಸುವ ದರ್ಜೆ) ಎಂಬ ಸ್ಟಿಕ್ಕರ್ ನಂಬಿ ಕೊಳ್ಳಬೇಡಿ. ಹಲ್ಲು ಕೊರೆಯುವ ಪೊಳ್ಳಾದ ಹ್ಯಾಂಡ್‌ಪೀಸ್ ಒಳಗಿನ ಗಾಳಿ ಹೊರಹೋಗದೆ ಉಗಿ ಒಳಹೊಗುವುದಿಲ್ಲ. ಹಂತ ಹಂತವಾಗಿ ನಿರ್ವಾತ ಮಾಡುವ ಪಂಪ್ ಬೇಕೇ ಬೇಕು. ಉದ್ದನೆಯ ಪೊಳ್ಳು ಕೊಳವೆಯ ತುದಿಯವರೆಗೂ ಉಗಿ ತಲುಪುತ್ತದೆಯೇ ಎಂದು ನೋಡುವ ಹೀಲಿಕ್ಸ್ ಪರೀಕ್ಷೆ ಎದುರಿಗೇ ಮಾಡಿ ತೋರಿಸಲು ಕೇಳಿ. ಗ್ಯಾಸ್ಕೆಟ್ ಮತ್ತು ಫಿಲ್ಟರ್ ಬೆಲೆ, ನಿಮ್ಮ ಊರಿಗೆ ಎಂಜಿನಿಯರ್ ಎಲ್ಲಿಂದ ಬರುತ್ತಾರೆ ಎಂಬುದು ಬರಹದಲ್ಲಿರಲಿ. ಬೋರ್‌ವೆಲ್ ನೀರು ಹಾಕಿದರೆ ಒಳಗೆ ಸುಣ್ಣ ಕಟ್ಟಿ ಯಂತ್ರ ಹಾಳಾಗುತ್ತದೆ, ಆದ್ದರಿಂದ ಡಿಸ್ಟಿಲ್ಡ್ ನೀರಿನ ಖರ್ಚನ್ನೂ ಲೆಕ್ಕಕ್ಕೆ ಸೇರಿಸಿ. ಎಕ್ಸ್‌ರೇ ಯಂತ್ರವಾದರೆ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಅನುಮೋದನೆ ಇರುವ ಮಾದರಿಯೇ ಎಂದು ನೋಡಿ, ಇಲ್ಲದಿದ್ದರೆ ಪರವಾನಗಿಗೆ ಅಲೆಯಬೇಕಾಗುತ್ತದೆ.

ಅರ್ಧ ಬೆಲೆಯ ಕಾಂಪೋಸಿಟ್, ಅದನ್ನು ಹಲ್ಲಿಗೆ ಅಂಟಿಸುವ ಬಾಂಡಿಂಗ್ ಏಜೆಂಟ್ ಕಂಡರೆ ಮೊದಲು ಎಕ್ಸ್‌ಪೈರಿ ತಾರೀಖು ನೋಡಿ. ನಾಲ್ಕೇ ತಿಂಗಳು ಉಳಿದ ಮಾಲನ್ನು ವರ್ಷಕ್ಕಾಗುವಷ್ಟು ಕೊಂಡರೆ ಲಾಭವೆಲ್ಲ ಕಸದ ಬುಟ್ಟಿಗೆ. ಬಿಲ್ಲಿನಲ್ಲಿ ಯಂತ್ರದ ಸೀರಿಯಲ್ ನಂಬರ್ ಬರೆಸುವುದನ್ನು ಮರೆಯಬೇಡಿ; ವಾರಂಟಿ ತಕರಾರು ಬಂದಾಗ ಕೈಹಿಡಿಯುವುದು ಅದೇ.

ಸಿಡಿಇ (ದಂತ ವೈದ್ಯರ ಮುಂದುವರಿದ ಶಿಕ್ಷಣ) ಅಂಕಗಳ ಪ್ರಮಾಣಪತ್ರದಲ್ಲಿ ನಿಮ್ಮ ನೋಂದಣಿ ಸಂಖ್ಯೆ ಸರಿಯಿದೆಯೇ ಎಂದು ಅಲ್ಲಿಯೇ ನೋಡಿಕೊಳ್ಳಿ.

ವಾಪಸಾದ ಮೇಲೆ ಕಲಿತದ್ದನ್ನು ಅದೇ ವಾರ ಶುರು ಮಾಡಬೇಕು. ಮೊದಲು ಸಹಾಯಕಿಗೆ ಹೇಳಿಕೊಡುತ್ತೇನೆ: ಬೆಣೆ, ಪಟ್ಟಿ, ರಿಂಗ್ ಯಾವ ಕ್ರಮದಲ್ಲಿ ಕೈಗೆ ಬರಬೇಕು, ಟ್ರೇಯಲ್ಲಿ ಎಲ್ಲಿರಬೇಕು ಎಂದು. ಅವರಿಗೆ ಗೊತ್ತಿಲ್ಲದಿದ್ದರೆ ಗಡಿಬಿಡಿಯ ದಿನ ಕೈ ತಾನಾಗಿ ಹಳೆಯ ಟಾಫಲ್‌ಮೈರ್‌ಗೇ ಹೋಗುತ್ತದೆ. ಪ್ರತಿ ಫಿಲ್ಲಿಂಗ್ ಮುಗಿದ ಮೇಲೆ ಹಲ್ಲಿನ ಸಂದಿಯಲ್ಲಿ ಫ್ಲಾಸ್ ದಾರ ಎಳೆದು ನೋಡಿ, ಬಿಗಿಯಾಗಿ ಟಕ್ಕೆಂದು ಇಳಿಯಿತೋ ಸಡಿಲವೋ ಎಂದು ಕೇಸ್ ಶೀಟಿನಲ್ಲಿ ಬರೆಯುತ್ತೇವೆ. ಮೂರು ತಿಂಗಳ ಬಳಿಕವೂ ಸಡಿಲ ಎಂಬ ಟಿಪ್ಪಣಿ ಹೆಚ್ಚಿದ್ದರೆ ಮೊದಲು ರಿಂಗ್ ಬಿಗಿತ ಕಳೆದುಕೊಂಡಿದೆಯೇ ನೋಡಬೇಕು, ಆಮೇಲೆ ಬೆಣೆಯ ಅಳತೆ.