ಇಬ್ಬರೇ ಹಾಯಿದೋಣಿಯಲ್ಲಿ ಮೀನಿಗೆ ಹೊರಟರೆ

ಗಂಡ ಹೆಂಡತಿ ಇಬ್ಬರೇ ಚಿಕ್ಕ ಹಾಯಿದೋಣಿಯಲ್ಲಿ ದಡದ ಆಸುಪಾಸು ಸುತ್ತಾಡಿ, ಜೊತೆಗೆ ಗಾಳವನ್ನೂ ಹಾಕಿ ಬರಬೇಕು ಅಂದರೆ ಮೊದಲು ಒಂದು ವಿಷಯ ಮಾತಾಡಿಕೊಳ್ಳಿ. ಚುಕ್ಕಾಣಿ ಯಾರ ಕೈಯಲ್ಲಿ, ಗಾಳ ಯಾರ ಕೈಯಲ್ಲಿ? ಚುಕ್ಕಾಣಿ ಹಿಡಿದವರು ಮೀನಿನ ಕಡೆ ತಿರುಗಿ ನೋಡಲೇಬಾರದು, ಎಷ್ಟೇ ಆಸೆಯಾದರೂ. ಸ್ವಲ್ಪ ಹೊತ್ತಿಗೊಮ್ಮೆ ಕೆಲಸ ಬದಲಾಯಿಸಿಕೊಳ್ಳಿ. ಒಬ್ಬರು ನೀರಿಗೆ ಬಿದ್ದರೆ ದೋಣಿ ತಿರುಗಿಸಿ ತರಬೇಕಾದವರು ಇನ್ನೊಬ್ಬರೇ, ಅಲ್ವಾ? ಹಾಗಾಗಿ ಎರಡೂ ಕೆಲಸ ಇಬ್ಬರಿಗೂ ಗೊತ್ತಿರಲೇಬೇಕು. ಲೈಫ್ ಜಾಕೆಟ್ ಮೈಮೇಲಿರಲಿ, ಸೀಟಿನ ಕೆಳಗಲ್ಲ. ಎಷ್ಟು ಹೊತ್ತಿಗೆ ವಾಪಸ್ ಅಂತ ದಡದಲ್ಲಿ ಯಾರಿಗಾದರೂ ಹೇಳಿ ಹೋಗಿ. ವಿಎಚ್‌ಎಫ್ ರೇಡಿಯೋ (ದೋಣಿಗಳಲ್ಲಿ ಮಾತಾಡಲು ಬಳಸುವ ರೇಡಿಯೋ) ಇದ್ದರೆ ಚಾನೆಲ್ 16ರಲ್ಲಿಡಿ, ಅದು ಅಪಾಯದ ಕರೆಗೆ ಇರುವ ಚಾನೆಲ್.

ಆರಾಮಾಗಿ ಹೋಗಿಬರಲು ಗಾಳಿ 7ರಿಂದ 10 ನಾಟ್ ಇದ್ದರೆ ಸಾಕು (ಒಂದು ನಾಟ್ ಅಂದರೆ ಗಂಟೆಗೆ ಸುಮಾರು 1.85 ಕಿ.ಮೀ.). ಅಲೆಗಳ ನೆತ್ತಿಯಲ್ಲಿ ಎಲ್ಲಿ ನೋಡಿದರೂ ಬಿಳಿ ನೊರೆ ಕಾಣತೊಡಗಿದರೆ ದಡದ ಕಡೆ ತಿರುಗಿ. ಬಿಸಿಲೇರಿದಂತೆ ಸಮುದ್ರದ ಗಾಳಿ ಜೋರಾಗುವುದರಿಂದ ಬೆಳಿಗ್ಗೆ ಬೇಗ ಹೊರಡುವುದೇ ಒಳ್ಳೆಯದು. ಉಬ್ಬರ ಇಳಿತದ ಹೊತ್ತನ್ನೂ ನೋಡಿಕೊಳ್ಳಿ. ಸೆಳೆತ ಒಂದು ಕಡೆಗೆ, ಗಾಳಿ ಅದಕ್ಕೆ ಎದುರು ಬಂದರೆ ಅಲೆ ಗಿಡ್ಡವಾಗಿ ಕಡಿದಾಗಿ ಏಳುತ್ತವೆ, ಚಿಕ್ಕ ದೋಣಿಗೆ ಅದು ಬಹಳ ಹಿಂಸೆ. ಅಮಾವಾಸ್ಯೆ, ಹುಣ್ಣಿಮೆ ಹತ್ತಿರ ಈ ಸೆಳೆತ ಇನ್ನೂ ಜಾಸ್ತಿ.

ದೋಣಿ ಸಾಗುತ್ತಿರುವಾಗ ಹಿಂದಕ್ಕೆ ದಾರ ಬಿಟ್ಟು ಎಳೆಯುವುದು ಸುಲಭದ ವಿಧಾನ. ಬಂಗುಡೆಯಂಥ ಮೀನಿಗೆ 2ರಿಂದ 3 ನಾಟ್ ವೇಗ ಸಾಕು. ದಾರದ ತುದಿಗೆ ಕಟ್ಟಿದ ನಕಲಿ ಮೀನು ಸುತ್ತಿ ಸುತ್ತಿ ದಾರ ಹುರಿಗೊಳ್ಳುತ್ತದೆ, ಅದಕ್ಕೆ ನಡುವೆ ಸ್ವಿವೆಲ್ (ತನ್ನಷ್ಟಕ್ಕೆ ತಿರುಗುವ ಚಿಕ್ಕ ಕೊಂಡಿ) ಹಾಕಿ. ರೀಲಿನ ಡ್ರ್ಯಾಗ್, ಅಂದರೆ ಮೀನು ಎಳೆದಾಗ ದಾರ ಬಿಡುವ ಬಿಗಿತ, ದಾರ ತಾಳುವ ತೂಕದ ಕಾಲು ಭಾಗಕ್ಕೆ ಇರಲಿ. ಮೀನು ಕಚ್ಚಿದ ಕೂಡಲೇ ರೀಲ್ ತಿರುಗಿಸಬೇಡಿ. ಮೊದಲು ಹಾಯಿಯ ಹಗ್ಗ ಸಡಿಲಿಸಿ ವೇಗ ತಗ್ಗಿಸಿ, ಆಮೇಲೆ ಮೀನು.

ನನಗೆ ಇದಕ್ಕಿಂತ ಇಷ್ಟ ದೋಣಿಯನ್ನು ನಿಲ್ಲಿಸಿಕೊಂಡು ಗಾಳ ಇಳಿಬಿಡುವುದು. ಲಂಗರೂ ಬೇಡ. ಗಾಳಿಗೆ ಆದಷ್ಟು ಎದುರಾಗಿ ಸಾಗುತ್ತಾ, ಮುಂದಿನ ಹಾಯಿಯ ಹಗ್ಗ ಬಿಚ್ಚದೆ ಹಾಗೇ ದೋಣಿಯ ಮೂತಿಯನ್ನು ಗಾಳಿಯ ಮೂಲಕ ಇನ್ನೊಂದು ಕಡೆಗೆ ತಿರುಗಿಸಿ. ಬೂಮ್ (ದೊಡ್ಡ ಹಾಯಿಯ ಕೆಳಗಿನ ಅಡ್ಡ ಕೋಲು) ದಾಟುವಾಗ ಇಬ್ಬರೂ ತಲೆ ತಗ್ಗಿಸಿ. ಈಗ ಗಾಳಿ ಮುಂದಿನ ಹಾಯಿಗೆ ಉಲ್ಟಾ ಬೀಸುತ್ತದೆ. ದೊಡ್ಡ ಹಾಯಿ ಸಡಿಲಿಸಿ, ಚುಕ್ಕಾಣಿಯ ಹಿಡಿಯನ್ನು ಬೂಮ್ ಇರುವ ಕಡೆಗೆ ತಳ್ಳಿ ಕಟ್ಟಿಬಿಡಿ. ಮುಂದಿನ ಹಾಯಿ ಒಂದು ಕಡೆ ತಳ್ಳುತ್ತದೆ, ಚುಕ್ಕಾಣಿ ಇನ್ನೊಂದು ಕಡೆ, ಹೀಗೆ ಜಗ್ಗಾಡುತ್ತಾ ದೋಣಿ ಸುಮ್ನೆ ನಿಧಾನಕ್ಕೆ ತೇಲತೊಡಗುತ್ತದೆ, ಅಲ್ಲಾಟವೂ ಕಡಿಮೆ. ಕೈ ಬಿಡುವಾಗುತ್ತದೆ, ಮಾತಾಡಬಹುದು, ಊಟ ಮಾಡಬಹುದು. ಗಾಳವನ್ನು ಗಾಳಿ ಬರುವ ಕಡೆಯಿಂದಲೇ ಬಿಡಿ. ದೋಣಿ ಆಚೆಗೆ ಸರಿಯುವುದರಿಂದ ದಾರ ಬಿಡಿಬಿಡಿಯಾಗಿ ಇರುತ್ತದೆ, ಇನ್ನೊಂದು ಮಗ್ಗುಲಲ್ಲಿ ಬಿಟ್ಟರೆ ದೋಣಿಯ ಅಡಿಗೇ ಹೋಗಿ ಸಿಕ್ಕಿಕೊಳ್ಳುತ್ತದೆ. ಆದರೆ ಗಾಳಿ ತಳ್ಳುವ ದಿಕ್ಕಿನಲ್ಲಿ ಹತ್ತಿರದಲ್ಲೇ ಬಂಡೆಯೋ ದಡವೋ ಇದ್ದರೆ ಇದನ್ನು ಮಾಡಲೇಬೇಡಿ.

ಮೀನು ಚಿಕ್ಕದಿದ್ದರೆ ಕೈ ಒದ್ದೆ ಮಾಡಿಕೊಂಡು ಹಿಡಿದು, ಇಕ್ಕಳದಿಂದ ಕೊಕ್ಕೆ ಬಿಡಿಸಿ ನೀರಿಗೇ ಬಿಡಿ. ಇಟ್ಟುಕೊಳ್ಳುವ ಮೀನಾದರೆ ತಕ್ಷಣ ಐಸಿಗೆ.

ವಾಪಸಾಗುವಾಗ ಎಂಜಿನ್ ಶುರು ಮಾಡುವ ಮೊದಲು ದಾರವೆಲ್ಲಾ ಒಳಗೆ ಬಂದಿದೆಯಾ ಅಂತ ಇಬ್ಬರೂ ನೋಡಿ, ಪ್ರೊಪೆಲ್ಲರ್‌ಗೆ ಸುತ್ತಿಕೊಂಡರೆ ಬಿಡಿಸುವುದು ಕಷ್ಟ. ದಡ ಸೇರಿದ ಮೇಲೆ ರೀಲು, ಕೊಕ್ಕೆ, ಸ್ವಿವೆಲ್ ಎಲ್ಲವನ್ನೂ ಸಿಹಿನೀರಲ್ಲಿ ತೊಳೆದು ಒಣಗಿಸಿಡಿ.